ಪಾಯಿಂಟ್ ಬಿಡುವ ಕ್ಷಣ: ಹಳೆಯ ಗಾಡಿ, ಟ್ರ್ಯಾಕ್ಟರ್‌ಗಳ ಇಗ್ನಿಷನ್

ಹಳೆಯ ಪೆಟ್ರೋಲ್ ಎಂಜಿನ್ ಎಷ್ಟು ತಿರುಗಿಸಿದರೂ ಹತ್ತಿಕೊಳ್ಳದಿದ್ದರೆ ಬಹಳ ಜನರ ಕೈ ಮೊದಲು ಕಾರ್ಬ್ಯುರೇಟರ್ ಮೇಲೆ ಹೋಗುತ್ತದೆ. ಜೆಟ್ ಬಿಚ್ಚುತ್ತಾರೆ, ಊದುತ್ತಾರೆ, ಫ್ಲೋಟ್ ಅಲ್ಲಾಡಿಸಿ ನೋಡುತ್ತಾರೆ. ಅಷ್ಟರಲ್ಲಿ ಬ್ಯಾಟರಿಯೂ ಸೋತಿರುತ್ತದೆ. ತೊಂದರೆ ಮಾತ್ರ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಒಂದೊಂದು ಸಿಲಿಂಡರಿಗೆ ಹಂಚುವ ಭಾಗ) ಮುಚ್ಚಳದ ಕೆಳಗೆ, ಬೇಳೆಕಾಳಿನಷ್ಟಗಲದ ಎರಡು ಲೋಹದ ಬಿಲ್ಲೆಗಳ ನಡುವೆ ಕುಳಿತಿರುವುದು ಬಹಳ ಸಾಮಾನ್ಯ. ಆ ಬಿಲ್ಲೆಗಳೇ ಪಾಯಿಂಟ್. ಅವು ಒಂದನ್ನೊಂದು ಬಿಡುವ ಕ್ಷಣ ಸರಿಯಾಗಿದ್ದರೆ ಉಳಿದ ಇಗ್ನಿಷನ್, ಅಂದರೆ ಕಿಡಿ ಹುಟ್ಟಿಸುವ ಏರ್ಪಾಡು, ಬಹುಮಟ್ಟಿಗೆ ತಾನಾಗಿಯೇ ಸರಿಯಾಗಿರುತ್ತದೆ.

ಡೀಸೆಲ್ ಟ್ರ್ಯಾಕ್ಟರ್ ಇರುವವರಿಗೆ ಈ ಬರಹ ಬೇಕಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ, ಕಿಡಿಯ ಕೆಲಸವೇ ಇಲ್ಲ. 1921ರಲ್ಲಿ ಬಂದ ಲ್ಯಾನ್ಜ್ ಬುಲ್‌ಡಾಗ್ ಟ್ರ್ಯಾಕ್ಟರ್‌ಗೂ ಕಿಡಿ ಬೇಕಿರಲಿಲ್ಲ. ಮುಂಭಾಗದ ಬಲ್ಬನ್ನು ಬ್ಲೋ ಲ್ಯಾಂಪ್‌ನಿಂದ ಕೆಂಪಗೆ ಕಾಯಿಸಿ ಅದನ್ನು ಚಾಲೂ ಮಾಡುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಎಂಜಿನ್‌ಗಳ ಮಾತು: ಫೋರ್ಡ್ 8ಎನ್, ಫರ್ಗ್ಯುಸನ್ ಟಿಇ20, ಫಾರ್ಮಾಲ್, ಎರಡು ಸಿಲಿಂಡರಿನ ಜಾನ್ ಡೀರ್, ವಿಲ್ಲೀಸ್ ಜೀಪ್, ಆ ಕಾಲದ ಕಾರುಗಳು.

ಕಿಡಿ ಹುಟ್ಟುವುದು ಹೇಗೆ

ಇಗ್ನಿಷನ್ ಕಾಯಿಲ್ ಒಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ದಪ್ಪ ತಂತಿಯ ಪ್ರೈಮರಿಯಲ್ಲಿ ಕೆಲವು ನೂರು ಸುತ್ತು. ಕೂದಲೆಳೆಯಂಥ ತಂತಿಯ ಸೆಕೆಂಡರಿಯಲ್ಲಿ ಅದರ ಸುಮಾರು ನೂರು ಪಟ್ಟು. ಪಾಯಿಂಟ್ ಕೂಡಿಕೊಂಡಾಗ ಬ್ಯಾಟರಿಯಿಂದ ಪ್ರೈಮರಿಗೆ 3–4 ಆಂಪಿಯರ್ ಹರಿದು ತಿರುಳಿನಲ್ಲಿ ಕಾಂತಕ್ಷೇತ್ರ ತುಂಬುತ್ತದೆ. ಈ ಹೊತ್ತಿನಲ್ಲಿ ಪ್ಲಗ್‌ನಲ್ಲಿ ಏನೂ ನಡೆಯುವುದಿಲ್ಲ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಮೂಲೆಗಳಿರುವ ಭಾಗವಾದ ಕ್ಯಾಮ್ ಬಂದು ಪಾಯಿಂಟ್ ಬಿಡಿಸಿದ ಕೂಡಲೇ ಕರೆಂಟ್ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತದಿಂದ ಪ್ರೈಮರಿಯಲ್ಲೇ 200–400 ವೋಲ್ಟ್ ಏಳುತ್ತದೆ, ಸೆಕೆಂಡರಿಯಲ್ಲಿ 15,000ದಿಂದ 25,000 ವೋಲ್ಟ್‌ವರೆಗೆ. ಕುಸಿತ ಎಷ್ಟು ಬೇಗನೋ ಕಿಡಿ ಅಷ್ಟು ಗಟ್ಟಿ. ಹಾಗಾಗಿ ಇಗ್ನಿಷನ್ ರಿಪೇರಿಯಲ್ಲಿ ಎರಡೇ ಪ್ರಶ್ನೆ: ಕೂಡಿಕೊಂಡಾಗ ಕರೆಂಟ್ ಪೂರ್ತಿ ಹರಿಯುತ್ತಿದೆಯೇ? ಬಿಟ್ಟಾಗ ಅದು ಚುರುಕಾಗಿ ಕಡಿಯುತ್ತಿದೆಯೇ?

ಎರಡನೆಯ ಪ್ರಶ್ನೆ ಕಂಡೆನ್ಸರ್‌ಗೆ ಸೇರಿದ್ದು. ಪಾಯಿಂಟ್ ಈಗಷ್ಟೇ ಬಿಡುತ್ತಿರುವಾಗ ನಡುವಿನ ಸಂದು ಕೂದಲೆಳೆಗಿಂತಲೂ ಕಡಿಮೆ. ಕರೆಂಟ್ ಆ ಸಂದನ್ನು ಸುಲಭವಾಗಿ ದಾಟಿ ಪಾಯಿಂಟ್ ಮೇಲೆಯೇ ಕಿಡಿಯಾಗಿ ಉರಿದುಹೋಗುತ್ತದೆ. ಪಾಯಿಂಟ್‌ಗೆ ಸಮಾನಾಂತರವಾಗಿ ಕೂತ ಕಂಡೆನ್ಸರ್ ಆ ಅರೆಕ್ಷಣ ಕರೆಂಟನ್ನು ತನ್ನೊಳಗೆ ಎಳೆದುಕೊಂಡು, ಸಂದು ದಾಟಲಾಗದಷ್ಟು ಅಗಲವಾಗುವವರೆಗೆ ಕಾಯುತ್ತದೆ. ಅದರ ಅಳತೆ ಸಾಮಾನ್ಯವಾಗಿ 0.18ರಿಂದ 0.25 ಮೈಕ್ರೋಫ್ಯಾರಡ್. ಕಂಡೆನ್ಸರ್ ಒಳಗೆ ಶಾರ್ಟ್ ಆದರೆ ಪಾಯಿಂಟ್ ಎಂದೂ ಬಿಡದಂತೆಯೇ ಆಗುತ್ತದೆ, ಕಿಡಿ ಇಲ್ಲವೇ ಇಲ್ಲ. ಒಳಗಿನ ತಂತಿ ಕಡಿದುಹೋದರೆ ಪ್ಲಗ್‌ನಲ್ಲಿ ಹಳದಿ ಬಣ್ಣದ ಸಪ್ಪೆ ಕಿಡಿ, ಪಾಯಿಂಟ್ ಮೇಲೆ ಧಾರಾಳ ಬೆಳಕು. ಅಳತೆ ಹೊಂದದ ಕಂಡೆನ್ಸರ್ ಹಾಕಿದರೆ ಗಾಡಿ ಓಡುತ್ತದೆ, ಆದರೆ ಒಂದು ಬಿಲ್ಲೆಯ ಲೋಹ ಕಿತ್ತು ಇನ್ನೊಂದರ ಮೇಲೆ ಕೂತು ಅಲ್ಲಿ ಗುಳಿ, ಇಲ್ಲಿ ಮೊಡವೆ ಆಗುತ್ತದೆ. ಸ್ವಲ್ಪ ದಿನದಲ್ಲೇ ಪಾಯಿಂಟ್ ಹೀಗಾದರೆ ಹೊಸ ಪಾಯಿಂಟ್ ತರುವ ಮೊದಲು ಕಂಡೆನ್ಸರ್ ಬದಲಿಸಿ ನೋಡಿ.

ಬ್ಯಾಟರಿ ಇಲ್ಲದ ದಾರಿ: ಮ್ಯಾಗ್ನೆಟೋ

ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿಯೇ ಇರಲಿಲ್ಲ. ಅವುಗಳ ಕಿಡಿ ಮ್ಯಾಗ್ನೆಟೋದ್ದು. 1902ರಲ್ಲಿ ಬಾಷ್ ಕಂಪನಿಯ ಗಾಟ್‌ಲೋಬ್ ಹೊನೋಲ್ಡ್ ರೂಪಿಸಿದ ಹೈ ಟೆನ್ಷನ್ ಮ್ಯಾಗ್ನೆಟೋ ಈ ಸಾಲಿನ ಮೂಲಪುರುಷ. ತತ್ವ ಅದೇ: ಪ್ರೈಮರಿ, ಸೆಕೆಂಡರಿ, ಪಾಯಿಂಟ್, ಕಂಡೆನ್ಸರ್ ಎಲ್ಲ ಇವೆ. ಪ್ರೈಮರಿಗೆ ಕರೆಂಟ್ ಕೊಡುವುದು ಮಾತ್ರ ಬ್ಯಾಟರಿಯ ಬದಲು ತಿರುಗುವ ಅಯಸ್ಕಾಂತ, ಅಥವಾ ಅಯಸ್ಕಾಂತದ ನಡುವೆ ತಿರುಗುವ ಸುರುಳಿ. ಬ್ಯಾಟರಿ–ಕಾಯಿಲ್ ಇಗ್ನಿಷನ್ ಚಾರ್ಲ್ಸ್ ಕೆಟರಿಂಗ್ ಅವರ ಡೆಲ್ಕೋ ಮೂಲಕ 1910ರ ಕ್ಯಾಡಿಲಾಕ್‌ಗೆ ಬಂದು ಕಾರುಗಳಲ್ಲಿ ನಿಧಾನವಾಗಿ ನೆಲೆಯೂರಿತು. ಹೊಲದಲ್ಲಿ ಮಾತ್ರ ಮ್ಯಾಗ್ನೆಟೋ ಬಹಳ ಕಾಲ ಉಳಿಯಿತು. ಚಾರ್ಜ್ ಮಾಡುವ ಗೋಜಿಲ್ಲದೆ ಕೈಯಲ್ಲಿ ತಿರುಗಿಸಿದರೆ ಸಾಕು ಎಂಬ ಅನುಕೂಲ ಸಣ್ಣದೇನಲ್ಲ.

ಎರಡರ ಸ್ವಭಾವ ತದ್ವಿರುದ್ಧ. ವೇಗ ಹೆಚ್ಚಿದಂತೆ ಮ್ಯಾಗ್ನೆಟೋದ ಕಿಡಿ ಬಲಿಯುತ್ತದೆ, ಕಾಯಿಲ್‌ನ ಕಿಡಿ ಸೊರಗುತ್ತದೆ. ಹ್ಯಾಂಡಲ್ ತಿರುಗಿಸುವ ವೇಗದಲ್ಲಿ ಬರೀ ಮ್ಯಾಗ್ನೆಟೋ ಏನೂ ಕೊಡದು. ಅದಕ್ಕಾಗಿಯೇ ಇಂಪಲ್ಸ್ ಕಪ್ಲಿಂಗ್ ಇದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಕೊಕ್ಕೆಯೊಂದು ಮ್ಯಾಗ್ನೆಟೋದ ರೋಟರನ್ನು ಹಿಡಿದು ನಿಲ್ಲಿಸುತ್ತದೆ; ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ; ಪಿಸ್ಟನ್ ತುದಿ ತಲುಪಿದಾಗ ಕೊಕ್ಕೆ ತಪ್ಪಿ ರೋಟರ್ ಚಟ್ಟನೆ ಮುಂದಕ್ಕೆ ಚಿಮ್ಮುತ್ತದೆ. ಕಿವಿಗೆ ಬೀಳುವ ‘ಟಕ್’ ಅದೇ. ಇದರಿಂದ ಎರಡು ಲಾಭ: ಚಿಮ್ಮುವ ವೇಗದಿಂದ ಗಟ್ಟಿ ಕಿಡಿ, ಮತ್ತು ಕಿಡಿ ತಡವಾಗಿ ಬರುವುದರಿಂದ ಹ್ಯಾಂಡಲ್ ಹಿಂದಕ್ಕೆ ಒದೆಯದಿರುವುದು. ಎಂಜಿನ್ ಹತ್ತಿಕೊಂಡ ಮೇಲೆ ಕೊಕ್ಕೆಗಳು ತಿರುಗುವ ರಭಸಕ್ಕೆ ಹೊರಗೆ ಸರಿದು ಸುಮ್ಮನಾಗುತ್ತವೆ. ‘ಟಕ್’ ಕೇಳಿಸದಿದ್ದರೆ ಕೊಕ್ಕೆಗೆ ಗಟ್ಟಿಯಾದ ಗ್ರೀಸು ಅಂಟಿದೆ ಎಂದೇ ಮೊದಲು ಅನುಮಾನಿಸಿ. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆಯ ಒಂದೆರಡು ಹನಿ ಹಾಕಿದರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕಪ್ಲಿಂಗ್‌ಗೆ ಗ್ರೀಸು ಹಾಕಲೇಬಾರದು.

ಈ ‘ಟಕ್’ ಟೈಮಿಂಗ್‌ಗೂ, ಅಂದರೆ ಕಿಡಿ ಬರುವ ಹೊತ್ತಿಗೂ, ಅಳತೆಗೋಲು. ಒಂದನೇ ಸಿಲಿಂಡರಿನ ಕಂಪ್ರೆಷನ್‌ನಲ್ಲಿ ಎಂಜಿನ್ ಅನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಪುಲ್ಲಿಯ ಅಥವಾ ಫ್ಲೈವೀಲಿನ ಟಿ.ಡಿ.ಸಿ. (ಪಿಸ್ಟನ್ ತುತ್ತತುದಿ ತಲುಪಿದ) ಗುರುತು ಸೇರುವಾಗಲೇ, ಇಲ್ಲವೇ ಕೂದಲೆಳೆಯಷ್ಟು ದಾಟಿದ ಮೇಲೆ ಸದ್ದು ಬರಬೇಕು. ಗುರುತಿಗೆ ಮೊದಲೇ ಬಂದರೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿಯಬಹುದು. ಬೋಲ್ಟ್ ಸಡಿಲಿಸಿ ಮ್ಯಾಗ್ನೆಟೋದ ಮೈಯನ್ನು ಅದರ ಸೀಳಿನಲ್ಲಿ ಸರಿಸಿ ಸರಿಮಾಡಿಕೊಳ್ಳಿ. ಟೈಮಿಂಗ್ ಎಷ್ಟೇ ಸರಿ ಇದ್ದರೂ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹಿಡಿಯನ್ನು ಸುತ್ತಿಕೊಳ್ಳುವುದು ಬೇಡ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ಒತ್ತಬಾರದು.

ಮ್ಯಾಗ್ನೆಟೋ ಬಗ್ಗೆ ಮರೆಯಬಾರದ ಮಾತೊಂದಿದೆ. ಬ್ಯಾಟರಿ ಇಗ್ನಿಷನ್‌ನಲ್ಲಿ ವೈರ್ ಕಳಚಿದರೆ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೋದಲ್ಲಿ ಅದಕ್ಕೆ ಪೂರಾ ಉಲ್ಟಾ: ಸ್ವಿಚ್ ಪ್ರೈಮರಿಯನ್ನು ಅರ್ತ್‌ಗೆ, ಅಂದರೆ ಎಂಜಿನ್ನಿನ ಲೋಹದ ಮೈಗೆ ಸೇರಿಸಿ ಎಂಜಿನ್ ನಿಲ್ಲಿಸುತ್ತದೆ. ಆ ವೈರ್ ಎಲ್ಲೋ ಕಡಿದಿದ್ದರೆ ‘ಆಫ್’ ಮಾಡಿದ ಎಂಜಿನ್ ಕೂಡ ಜೀವಂತವಾಗಿರುತ್ತದೆ, ಪುಲ್ಲಿಯನ್ನು ಸುಮ್ಮನೆ ತಿರುಗಿಸಿದರೂ ಹತ್ತಿಕೊಳ್ಳಬಹುದು. ಬೆಲ್ಟಿಗೋ ಫ್ಯಾನಿಗೋ ಕೈ ಹಾಕುವ ಮೊದಲು ಪ್ಲಗ್ ವೈರ್‌ಗಳನ್ನು ಕಿತ್ತು ಅರ್ತ್ ಮಾಡಿ.

ಕುದುರೆ ಲಾಳದಾಕಾರದ ಅಯಸ್ಕಾಂತವಿರುವ ಬಹಳ ಹಳೆಯ ಮ್ಯಾಗ್ನೆಟೋಗಳಲ್ಲಿ ಅಯಸ್ಕಾಂತವನ್ನು ಬಿಚ್ಚಿ ಹಾಗೇ ಇಟ್ಟರೆ ಅದರ ಬಲ ಇಳಿಯುತ್ತದೆ. ಬಿಚ್ಚುತ್ತಿದ್ದಂತೆ ಎರಡು ತುದಿಗಳಿಗೂ ಅಡ್ಡಲಾಗಿ ಮೆತು ಕಬ್ಬಿಣದ ಪಟ್ಟಿ ಇಡಬೇಕು, ಮರಳಿ ಹಾಕುವಾಗ ದಿಕ್ಕು ತಪ್ಪಬಾರದು. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ಇದ್ದರೆ ಎಲ್ಲದರ ಒಂದೇ ಧ್ರುವ ಒಂದೇ ಬದಿಗೆ ಬರಬೇಕು.

ಫೋರ್ಡ್ ಮಾಡೆಲ್ ಟಿ ಎರಡೂ ದಾರಿಗಳನ್ನು ಬೆರೆಸಿಕೊಂಡ ಗಾಡಿ. 1908ರಿಂದ 1927ರವರೆಗೆ ತಯಾರಾದ ಇದರ ಫ್ಲೈವೀಲಿನ ಮೇಲೆ ಇಂಗ್ಲಿಷಿನ ‘ವಿ’ ಆಕಾರದ 16 ಅಯಸ್ಕಾಂತಗಳು. ಅವು ಕೊಡುವ ಕಡಿಮೆ ವೋಲ್ಟೇಜಿನ ಕರೆಂಟ್, ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ನಾಲ್ಕು ಟ್ರೆಂಬ್ಲರ್ ಕಾಯಿಲ್‌ಗಳಿಗೆ ಹೋಗುತ್ತದೆ. ಯಾವ ಕಾಯಿಲ್ ಯಾವಾಗ ಎಂಬುದನ್ನು ಮುಂಭಾಗದ ಟೈಮರ್ ಹೇಳುತ್ತದೆ. ಪ್ರತಿ ಕಾಯಿಲ್ ನೆತ್ತಿಯ ಪಾಯಿಂಟ್ ಕರೆಗಂಟೆಯಂತೆ ಗುಂಯ್‌ಗುಡುತ್ತ ಒಂದರ ಹಿಂದೊಂದು ಕಿಡಿ ಸುರಿಸುತ್ತದೆ. ಒಂದೊಂದೂ ಸುಮಾರು 1.3 ಆಂಪಿಯರ್ ಎಳೆಯುವಂತೆ ಪತ್ತಿಯ ಬಿಗಿತ ಹೊಂದಿಸುವುದು ರೂಢಿ. ನಾಲ್ಕೂ ಒಂದೇ ಹದಕ್ಕೆ ಬರದಿದ್ದರೆ ಟೈಮಿಂಗ್ ಸಿಲಿಂಡರಿನಿಂದ ಸಿಲಿಂಡರಿಗೆ ಬದಲಾಗಿ ಎಂಜಿನ್ ಕುಂಟುತ್ತದೆ. ಸ್ಟೀರಿಂಗ್ ಕೆಳಗೆ ಎಡಗಡೆಯ ಸನ್ನೆ ಕಿಡಿಯದ್ದು. ಹ್ಯಾಂಡಲ್ ಹೊಡೆಯುವ ಮೊದಲು ಅದು ಪೂರ್ತಿ ಮೇಲಿರಬೇಕು, ಅಂದರೆ ಕಿಡಿ ತಡವಾಗಿ ಬರುವ ರಿಟಾರ್ಡ್‌ನಲ್ಲಿ.

ಪಾಯಿಂಟ್ ಹೊಂದಿಸುವುದು

ಬ್ಯಾಟರಿ ನೆಗೆಟಿವ್ ಆಗಲಿ ಪಾಸಿಟಿವ್ ಆಗಲಿ, ಅರ್ತ್ ಬದಿಯ ವೈರ್ ತೆಗೆದು ಶುರುಮಾಡಿ. ಡಿಸ್ಟ್ರಿಬ್ಯೂಟರ್ ಮುಚ್ಚಳವಾದ ಕ್ಯಾಪ್, ಅದರೊಳಗೆ ತಿರುಗುತ್ತ ಕಿಡಿ ಹಂಚುವ ರೋಟರ್ ಎತ್ತಿ. ಪಾಯಿಂಟ್ ತೋಳಿನ ಫೈಬರ್ ತುಂಡು ಕ್ಯಾಮ್‌ನ ಮೂಲೆಯ ತುತ್ತತುದಿಗೆ ಬರುವಂತೆ ಎಂಜಿನ್ ತಿರುಗಿಸಿ. ತುದಿಯ ಆಚೀಚೆ ಅಳೆದರೆ ಅಳತೆ ಸುಳ್ಳು ಹೇಳುತ್ತದೆ. ಬಿಲ್ಲೆಗಳ ಮೇಲೆ ಬೂದು ಬಣ್ಣದ ಹದವಾದ ಮಾಸಲು ಇದ್ದರೆ ಅದು ಆರೋಗ್ಯದ ಲಕ್ಷಣ, ಉಜ್ಜಬೇಕಿಲ್ಲ. ಸುಟ್ಟು ಕಪ್ಪಾಗಿದ್ದರೆ ತೆಳುವಾದ ಪಾಯಿಂಟ್ ಅರದಿಂದ ಎರಡು ಮೂರು ಬಾರಿ ಎಳೆಯಿರಿ. ಉಜ್ಜುಕಾಗದ ಬಳಸುವುದನ್ನು ನಾನು ಒಪ್ಪುವುದಿಲ್ಲ, ಅದರ ಹರಳು ಲೋಹದಲ್ಲಿ ಕಚ್ಚಿ ಕೂತು ಮತ್ತೆ ಸುಡುತ್ತದೆ. ಹೊಸ ಪಾಯಿಂಟ್ ಆದರೆ ತುಕ್ಕು ಹಿಡಿಯದಂತೆ ಸವರಿದ ಪದರವನ್ನು ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಬೇಕು. ಹೊಸ ಪಾಯಿಂಟ್ ಹಾಕಿದ ಮೇಲೆ ಕಿಡಿ ಮಾಯವಾಗಲು ಆ ಪದರ ಸಾಕು.

ಈಗ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ. ಅದಕ್ಕೆ ಎಣ್ಣೆ ಹತ್ತಿರಬಾರದು. ಲ್ಯೂಕಾಸ್ 25ಡಿ ಮಾದರಿಯ ಡಿಸ್ಟ್ರಿಬ್ಯೂಟರ್‌ಗೆ 0.014–0.016 ಇಂಚು, ಅಂದರೆ 0.35–0.40 ಮಿ.ಮೀ. ವಿಲ್ಲೀಸ್ ಜೀಪಿಗೆ 0.020 ಇಂಚು. ಫೋರ್ಡ್ 8ಎನ್‌ನಲ್ಲಿ ಎರಡು ಬಗೆ: ಎಂಜಿನ್ ಮುಂಭಾಗದಲ್ಲಿ ಡಿಸ್ಟ್ರಿಬ್ಯೂಟರ್ ಇದ್ದರೆ 0.015, ಪಕ್ಕದಲ್ಲಿದ್ದರೆ 0.025 ಇಂಚು. ಇವೆರಡನ್ನು ಅದಲುಬದಲು ಮಾಡಿಕೊಂಡು ಒದ್ದಾಡುವವರು ಬಹಳ. ಮ್ಯಾಗ್ನೆಟೋಗಳದ್ದು ಹೆಚ್ಚಾಗಿ 0.010ರಿಂದ 0.020ರ ಒಳಗೆ, ಮಾದರಿಯ ಪುಸ್ತಕ ನೋಡಿಯೇ ಇಡಬೇಕು. ಗೇಜ್ ಸಣ್ಣ ತಡೆಯೊಂದಿಗೆ ಜಾರಬೇಕು, ಪಾಯಿಂಟ್ ತೋಳು ಅಲುಗಬಾರದು. ಸ್ಕ್ರೂ ಬಿಗಿಮಾಡುವಾಗ ಅಂತರ ಸರಿಯುವುದು ಮಾಮೂಲು, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಕೊನೆಗೆ ಪಾಯಿಂಟ್ ಕೂಡಿಸಿ ನಡುವೆ ಒಂದು ಶುಭ್ರ ಕಾಗದದ ಪಟ್ಟಿ ಎಳೆದುಬಿಡಿ, ಗೇಜ್ ಬಿಟ್ಟುಹೋದ ಜಿಡ್ಡು ಬರುತ್ತದೆ. ಕ್ಯಾಮ್‌ಗೆ ಗೋಧಿಕಾಳಿನಷ್ಟು ಗ್ರೀಸು, ರೋಟರ್ ಕೆಳಗಿನ ಫೆಲ್ಟ್‌ಗೆ ಒಂದು ಹನಿ ಎಣ್ಣೆ. ಗ್ರೀಸೇ ಇಲ್ಲದಿದ್ದರೆ ಫೈಬರ್ ಸವೆದು ಅಂತರ ಕಿರಿದಾಗುತ್ತದೆ. ಹೆಚ್ಚಾದರೆ ಸಿಡಿದು ಪಾಯಿಂಟ್ ಮೇಲೆ ಬಿದ್ದು ಸುಡುತ್ತದೆ.

ಅಂತರದ ಲೆಕ್ಕ ಇಷ್ಟು ಬಿಗಿ ಏಕೆಂದರೆ ಅದು ಡ್ವೆಲ್ ಅನ್ನು, ಅಂದರೆ ಪಾಯಿಂಟ್ ಕೂಡಿರುವ ಅವಧಿಯನ್ನು ನಿರ್ಧರಿಸುತ್ತದೆ. ನಾಲ್ಕು ಸಿಲಿಂಡರಿಗೆ ಡಿಸ್ಟ್ರಿಬ್ಯೂಟರ್‌ನ ಒಂದು ಸುತ್ತಿನಲ್ಲಿ ತಲಾ 90 ಡಿಗ್ರಿ ಪಾಲು. ಅದರಲ್ಲಿ ಸುಮಾರು 60 ಡಿಗ್ರಿ ಕೂಡಿರಬೇಕು, 30 ಬಿಟ್ಟಿರಬೇಕು. ಎಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 100 ಕಿಡಿ. ಒಂದೊಂದಕ್ಕೆ 10 ಮಿಲಿಸೆಕೆಂಡ್, ಕಾಯಿಲ್ ತುಂಬಿಕೊಳ್ಳಲು ಸಿಗುವುದು ಸುಮಾರು 6.7 ಮಾತ್ರ. ಅಂತರ ಹೆಚ್ಚಾದರೆ ಇದೂ ಕಡಿಮೆಯಾಗಿ ವೇಗದಲ್ಲಿ ಮಿಸ್ಸಿಂಗ್ ಶುರು. ಅಂತರ ತೀರ ಕಡಿಮೆಯಾದರೆ ಪಾಯಿಂಟ್ ಚೊಕ್ಕವಾಗಿ ಬಿಡದೆ ಸುಡುತ್ತದೆ. ಟ್ರ್ಯಾಕ್ಟರ್ 1,500ರ ಆಸುಪಾಸಿನಲ್ಲಿ ದುಡಿಯುವ ಎಂಜಿನ್ ಆದ್ದರಿಂದ ಅಲ್ಲಿ ಸಮಯಕ್ಕೆ ಬರವಿಲ್ಲ, ದೊಡ್ಡ ಶಕ್ತಿಯ ರೇಸಿಂಗ್ ಕಾಯಿಲ್ ಹಾಕುವುದರಿಂದ ಏನೂ ಸಿಗದು.

ಇನ್ನೊಂದು ಪರಿಣಾಮ ಟೈಮಿಂಗ್ ಮೇಲೆ. ಅಂತರ ದೊಡ್ಡದಾದರೆ ಪಾಯಿಂಟ್ ಬೇಗ ಬಿಡುತ್ತದೆ, ಕಿಡಿ ಮುಂಚೆ ಬರುತ್ತದೆ, ಕಿರಿದಾದರೆ ತಡ. ಆದ್ದರಿಂದ ಮೊದಲು ಅಂತರ, ಆಮೇಲೆ ಟೈಮಿಂಗ್. ಈ ಕ್ರಮ ತಿರುಗಿಸಿದರೆ ಎರಡೂ ಕೆಡುತ್ತವೆ.

ಹಳೆಯ ಡಿಸ್ಟ್ರಿಬ್ಯೂಟರ್‌ನಲ್ಲಿ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಅಲ್ಲಾಟ ಪಾಯಿಂಟ್ ಅಂತರದಲ್ಲಿ ಕಾಣಿಸಿದರೆ ಬುಷ್ ಸವೆದಿದೆ. ಆಗ ನಾಲ್ಕು ಮೂಲೆಗಳಲ್ಲೂ ನಾಲ್ಕು ಅಳತೆ ಬರುತ್ತದೆ, ಎಷ್ಟು ಹೊಂದಿಸಿದರೂ ಕೈಗೂಡುವುದಿಲ್ಲ. ಬುಷ್ ಹಾಕಿಸುವುದೊಂದೇ ದಾರಿ.

ಟೈಮಿಂಗ್

ಗ್ಯಾಸ್ ಹೊತ್ತಿ ಪೂರ್ತಿ ಒತ್ತಡ ಏರಲು ಸ್ವಲ್ಪ ಕಾಲ ಬೇಕು. ಅದು 2 ಮಿಲಿಸೆಕೆಂಡ್ ಅಂದುಕೊಳ್ಳಿ. 600 ಆರ್‌ಪಿಎಂನಲ್ಲಿ ಅಷ್ಟರಲ್ಲಿ ಕ್ರ್ಯಾಂಕ್ ಸುಮಾರು 7 ಡಿಗ್ರಿ ತಿರುಗಿರುತ್ತದೆ, 2,000ದಲ್ಲಿ 24 ಡಿಗ್ರಿ. ವೇಗ ಏರಿದಂತೆ ಕಿಡಿಯೂ ಮೊದಲೇ ಬರಬೇಕಾದದ್ದು ಇದಕ್ಕೇ. ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಗುಂಡುಗಳು ವೇಗಕ್ಕೆ ಹೊರಚೆಲ್ಲಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ರೋಟರ್ ಅನ್ನು ಅದು ತಿರುಗುವ ದಿಕ್ಕಿಗೆ ಬೆರಳಲ್ಲಿ ತಿರುಚಿ ಬಿಡಿ, ಸ್ಪ್ರಿಂಗಿನಂತೆ ಹಿಂದಕ್ಕೆ ಬರಬೇಕು. ಅಲ್ಲೇ ಉಳಿದರೆ ಗುಂಡುಗಳು ಜಾಮ್, ಜೋತುಬಿದ್ದಂತಿದ್ದರೆ ಸ್ಪ್ರಿಂಗ್ ಹೋಗಿದೆ. ಕಾರುಗಳಲ್ಲಿ ಇದರ ಜೊತೆ, ಎಂಜಿನ್ನಿನ ಎಳೆತದ ನಿರ್ವಾತದಿಂದ ಕಿಡಿಯನ್ನು ಮುಂಚೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಇರುತ್ತದೆ. ಅದರ ಕೊಳವೆಯನ್ನು ಬಾಯಿಂದ ಎಳೆದು ನಾಲಗೆಯಿಂದ ಮುಚ್ಚಿದರೆ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು, ವಾಪಸ್ ಜಾರಿದರೆ ಡಯಾಫ್ರಮ್ ತೂತಾಗಿದೆ. ಒಂದೇ ಭಾರದಲ್ಲಿ ಗಂಟೆಗಟ್ಟಲೆ ದುಡಿಯುವ ಟ್ರ್ಯಾಕ್ಟರ್‌ಗಳಲ್ಲಿ ಇದು ಹೆಚ್ಚಾಗಿ ಇಲ್ಲ.

ಎಂಜಿನ್ ನಿಲ್ಲಿಸಿ ಟೈಮಿಂಗ್ ಇಡಲು ಒಂದು ಚಿಕ್ಕ ಬಲ್ಬು, ಎರಡು ತುಂಡು ವೈರ್ ಸಾಕು. ಒಂದನೇ ಪ್ಲಗ್ ತೆಗೆದು ರಂಧ್ರಕ್ಕೆ ಬೆರಳಿಟ್ಟು ಎಂಜಿನ್ ತಿರುಗಿಸಿ. ಬೆರಳನ್ನು ಗಾಳಿ ತಳ್ಳತೊಡಗಿದರೆ ಅದು ಕಂಪ್ರೆಷನ್. ಈ ಹಂತ ಬಿಟ್ಟವರು ಎಕ್ಸಾಸ್ಟ್‌ನ ತುದಿಗೆ ಟೈಮಿಂಗ್ ಇಟ್ಟು, ಎಂಜಿನ್ ಕಾರ್ಬ್ಯುರೇಟರ್ ಮೂಲಕ ಕೆಮ್ಮುವುದನ್ನು ನೋಡುತ್ತಾರೆ. ಎಂಜಿನ್ನಿಗೆ ಹೇಳಿದ ಟೈಮಿಂಗ್ ಗುರುತಿಗೆ (ವಿಲ್ಲೀಸ್ ಜೀಪಿಗೆ ಟಿ.ಡಿ.ಸಿ.ಗಿಂತ 5 ಡಿಗ್ರಿ ಮೊದಲು) ತಂದು ನಿಲ್ಲಿಸಿ. ಗುರುತು ದಾಟಿಹೋದರೆ ಅಷ್ಟನ್ನೇ ಹಿಂದಕ್ಕೆ ತರಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ, ಗೇರುಗಳ ಸಡಿಲ ಲೆಕ್ಕ ತಪ್ಪಿಸುತ್ತದೆ. ಬಲ್ಬಿನ ಒಂದು ತುದಿ ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ, ಇನ್ನೊಂದು ಅರ್ತ್‌ಗೆ. ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಕೂಡಿದ್ದರೆ ಬಲ್ಬು ಆರಿರುತ್ತದೆ, ಬಿಟ್ಟರೆ ಹತ್ತುತ್ತದೆ. ಕ್ಲ್ಯಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರ್ ಮೈಯನ್ನು ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿ ಬಲ್ಬು ಆರಿಸಿ. ಆಮೇಲೆ ವಿರುದ್ಧ ದಿಕ್ಕಿಗೆ ಮೆಲ್ಲಗೆ ತನ್ನಿ. ಬಲ್ಬು ಮಿನುಗಿದ ಜಾಗದಲ್ಲಿ ಬಿಗಿಮಾಡಿ. ಆಗ ರೋಟರ್ ಕ್ಯಾಪಿನ ಯಾವ ಗೂಟಕ್ಕೆ ಮುಖಮಾಡಿದೆಯೋ ಅದೇ ಒಂದನೇ ಸಿಲಿಂಡರಿನದು.

ಅಲ್ಲಿಂದ ರೋಟರ್ ತಿರುಗುವ ದಿಕ್ಕಿನಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬರುವ ಸರದಿ) ಪ್ರಕಾರ ವೈರ್ ಹಾಕಿಕೊಂಡು ಹೋಗಬೇಕು. ಫರ್ಗ್ಯುಸನ್ ಟಿಇ20, ವಿಲ್ಲೀಸ್ ಜೀಪ್, ಫಾರ್ಮಾಲ್ ಎಚ್ ಇವುಗಳದ್ದು 1-3-4-2. ಫೋರ್ಡ್‌ನ ಮಾಡೆಲ್ ಟಿ, ಮಾಡೆಲ್ ಎ, 8ಎನ್ ಇವುಗಳದ್ದು 1-2-4-3. ಎರಡು ಸಿಲಿಂಡರಿನ ಜಾನ್ ಡೀರ್‌ನಲ್ಲಿ ಒಂದು ಕಿಡಿಯಾದ 180 ಡಿಗ್ರಿಗೆ ಇನ್ನೊಂದು, ಅದಾದ ಮೇಲೆ 540 ಡಿಗ್ರಿ ಮೌನ. ಅದರ ಕುಂಟುವಂಥ ಸದ್ದು ರೋಗವಲ್ಲ, ಹುಟ್ಟುಗುಣ.

ಮುಂಭಾಗದ ಡಿಸ್ಟ್ರಿಬ್ಯೂಟರಿನ 8ಎನ್‌ನಲ್ಲಿ ಶಾಫ್ಟ್ ತುದಿಯ ನಾಲಗೆ ನಡುವಿಗಿಲ್ಲ, ತುಸು ಪಕ್ಕಕ್ಕಿದೆ. ಒಂದೇ ರೀತಿಯಲ್ಲಿ ಕೂರುತ್ತದೆ. ಅದು ಕೂರುವ ಮೊದಲೇ ಎರಡು ಬೋಲ್ಟ್ ಬಿಗಿದು ಎಳೆದುಕೊಳ್ಳಲು ಹೋದರೆ ಡಿಸ್ಟ್ರಿಬ್ಯೂಟರ್ ಮೈ ಸೀಳುತ್ತದೆ.

ಟೈಮಿಂಗ್ ತಡವಾದರೆ ಎಂಜಿನ್ ಬಿಸಿಯಾಗುತ್ತದೆ, ಎಳೆಯುವುದಿಲ್ಲ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗಾಗಲೂಬಹುದು. ಮುಂಚೆಯಾದರೆ ಸ್ಟಾರ್ಟ್ ಮಾಡುವಾಗ ಒದೆಯುತ್ತದೆ, ಭಾರ ಬಿದ್ದಾಗ ಟಣ್‌ಟಣ್ ಎನ್ನುತ್ತದೆ. 6 ವೋಲ್ಟಿನ ಗಾಡಿಯಲ್ಲಿ, ಓಡುವ ಎಂಜಿನ್ನಿನ ಟೈಮಿಂಗ್ ಗುರುತು ನೋಡುವ ಸ್ಟ್ರೋಬ್ ಲೈಟ್ ಉರಿಯದಿದ್ದರೆ ಅದಕ್ಕೆ ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಕೊಡಬಹುದು.

ಕಿಡಿ ಇಲ್ಲದಾಗ

ಪ್ಲಗ್ ಹೊರಗಿಟ್ಟು ಕಿಡಿ ನೋಡಿ ‘ಸರಿ ಇದೆ’ ಎನ್ನುವುದು ಸಾಲದು. ಬಯಲು ಗಾಳಿಯಲ್ಲಿ ಜಿಗಿಯುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಜಿಗಿಯಬೇಕೆಂದಿಲ್ಲ, ಅಲ್ಲಿ ಬೇಕಾಗುವ ವೋಲ್ಟೇಜ್ ಹಲವು ಪಟ್ಟು. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ಬ್ಲಾಕಿನಿಂದ 6 ಮಿ.ಮೀ. ದೂರವಿಡಿ. ನೀಲಿ ಕಿಡಿ ಚಟಚಟ ಜಿಗಿಯಬೇಕು. ಪೆಟ್ರೋಲ್ ಸೋರುತ್ತಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಜಿಗಿಯದಿದ್ದರೆ ವೋಲ್ಟ್‌ಮೀಟರ್ ತೆಗೆದುಕೊಳ್ಳಿ. ಪಾಯಿಂಟ್ ಬಿಟ್ಟಿರುವಾಗ ಕಾಯಿಲ್‌ನ ಎರಡೂ ಟರ್ಮಿನಲ್‌ಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಕಾಣಬೇಕು. ಸ್ವಿಚ್ ಕಡೆಯಲ್ಲೇ ಇಲ್ಲದಿದ್ದರೆ ಸ್ವಿಚ್, ಆಮೀಟರ್, ವೈರ್ ಇವುಗಳಲ್ಲೊಂದು. ಸ್ವಿಚ್ ಕಡೆ ಇದ್ದು ಡಿಸ್ಟ್ರಿಬ್ಯೂಟರ್ ಕಡೆ ಸೊನ್ನೆಯಾದರೆ ಡಿಸ್ಟ್ರಿಬ್ಯೂಟರ್ ವೈರ್ ಕಳಚಿ ಮತ್ತೆ ನೋಡಿ. ಈಗ ವೋಲ್ಟೇಜ್ ಬಂದರೆ ಶಾರ್ಟ್ ಡಿಸ್ಟ್ರಿಬ್ಯೂಟರ್ ಒಳಗಿದೆ: ಕಂಡೆನ್ಸರ್, ಇಲ್ಲವೇ ತಪ್ಪಾಗಿ ಜೋಡಿಸಿದ ಇನ್ಸುಲೇಟಿಂಗ್ ವಾಷರ್. ಬರದಿದ್ದರೆ ಕಾಯಿಲ್‌ನ ಪ್ರೈಮರಿ ಕಡಿದಿದೆ. ಇನ್ನು ಪಾಯಿಂಟ್ ಕೂಡಿರುವಾಗ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್ ಸೊನ್ನೆಯ ಹತ್ತಿರ, 0.2 ವೋಲ್ಟಿನ ಒಳಗೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಪಾಯಿಂಟ್ ಕೊಳೆ, ಅಥವಾ ಪ್ಲೇಟಿನ ಅರ್ತ್ ವೈರ್ ಕಡಿದಿದೆ, ಅಥವಾ ಡಿಸ್ಟ್ರಿಬ್ಯೂಟರ್ ಒಳಗಿನ ಆ ಪುಟ್ಟ ಮೆತ್ತನೆಯ ವೈರ್ ಇನ್ಸುಲೇಷನ್ ಒಳಗೇ ತುಂಡಾಗಿದೆ. ಕೊನೆಯದು ಕಣ್ಣಿಗೆ ಕಾಣದ್ದು, ವೈರ್ ಹಿಡಿದು ಮೆಲ್ಲಗೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಅದೇ.

ವಾಷರ್ ವಿಷಯ ಇನ್ನೊಂದು ಮಾತು ಕೇಳುತ್ತದೆ. ಪಾಯಿಂಟ್ ಸ್ಪ್ರಿಂಗ್, ಕಾಯಿಲ್ ವೈರ್, ಕಂಡೆನ್ಸರ್ ವೈರ್ ಮೂರೂ ಒಂದಕ್ಕೊಂದು ತಾಗಬೇಕು, ಮೂರರಲ್ಲಿ ಯಾವುದೂ ಪ್ಲೇಟನ್ನು ಮುಟ್ಟಬಾರದು. ಹಳೆಯ ಪಾಯಿಂಟ್ ಬಿಚ್ಚುವ ಮೊದಲು ವಾಷರ್‌ಗಳ ಕ್ರಮದ ಫೋಟೋ ತೆಗೆದಿಟ್ಟುಕೊಳ್ಳಿ.

ಕಾಯಿಲ್‌ನ ಕಿಡಿ ಚೆನ್ನಾಗಿದ್ದು ಪ್ಲಗ್‌ಗೆ ತಲುಪದಿದ್ದರೆ ಕ್ಯಾಪ್ ಮತ್ತು ರೋಟರ್. ಕ್ಯಾಪ್ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಎಳೆ ಕಂಡರೆ ಕಿಡಿ ಅದೇ ದಾರಿಯಲ್ಲಿ ಸೋರುತ್ತಿದೆ. ಕೆರೆದರೆ ಮತ್ತೆ ಬರುತ್ತದೆ, ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಆಡುತ್ತಿರಬೇಕು. ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿದರೆ ಸೋರುವ ವೈರ್‌ಗಳ ಮೇಲೆ ನೀಲಿ ಮಿಣುಕು ಕಾಣುತ್ತದೆ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಅರ್ಧ ಗಂಟೆಯಲ್ಲಿ ಸತ್ತು, ಆರಿದ ಮೇಲೆ ಮತ್ತೆ ಬದುಕುವ ಎಂಜಿನ್ ಎಲ್ಲರನ್ನೂ ಕಾಡುತ್ತದೆ. ಕಂಡೆನ್ಸರ್, ಕಾಯಿಲ್, ಪೆಟ್ರೋಲ್ ಆವಿಯಾಗಿ ನಿಲ್ಲುವುದು ಮೂರೂ ಇದೇ ಲಕ್ಷಣ ತೋರುತ್ತವೆ. ನಿಂತ ಕೂಡಲೇ, ತಣಿಯುವ ಮೊದಲು, 6 ಮಿ.ಮೀ. ಪರೀಕ್ಷೆ ಮಾಡಬೇಕು. ಕಿಡಿ ಗಟ್ಟಿಯಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಸಪ್ಪೆಯಾಗಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಅದು ಅಗ್ಗದ ಭಾಗ, ಸರಿಹೋಗದಿದ್ದರೆ ಕಾಯಿಲ್.

ಕಾಯಿಲ್, ಪೊಲಾರಿಟಿ, 6 ಮತ್ತು 12 ವೋಲ್ಟ್

ಪ್ಲಗ್‌ನ ನಡುಕಡ್ಡಿ ನೆಗೆಟಿವ್ ಆಗಿರಬೇಕು. ಕಾದ ಲೋಹದಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಡುತ್ತದೆ, ನಡುಕಡ್ಡಿಯೇ ಹೆಚ್ಚು ಕಾಯುವುದು. ಉಲ್ಟಾ ಆದರೆ ಎಂಜಿನ್ ಓಡುತ್ತದೆ, ಆದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗಿ ಭಾರದಲ್ಲಿ ಮಿಸ್ ಹೊಡೆಯುತ್ತದೆ. ನೆಗೆಟಿವ್ ಅರ್ತ್ ಗಾಡಿಯಲ್ಲಿ ಕಾಯಿಲ್‌ನ ಪ್ಲಸ್ ಸ್ವಿಚ್‌ಗೆ, ಮೈನಸ್ ಡಿಸ್ಟ್ರಿಬ್ಯೂಟರ್‌ಗೆ. ಪಾಸಿಟಿವ್ ಅರ್ತ್ ಆದರೆ ಅದಲುಬದಲು. 8ಎನ್ 6 ವೋಲ್ಟಿನ ಪಾಸಿಟಿವ್ ಅರ್ತ್ ಟ್ರ್ಯಾಕ್ಟರ್ ಎಂಬುದು ಬ್ಯಾಟರಿ ಹಾಕುವವರಿಗೆ ಬಹಳ ಸಲ ಮರೆತುಹೋಗಿರುತ್ತದೆ.

6ರಿಂದ 12 ವೋಲ್ಟಿಗೆ ಬದಲಿಸಿ 6 ವೋಲ್ಟಿನ ಕಾಯಿಲ್ ಹಾಗೇ ಬಿಟ್ಟರೆ ಕರೆಂಟ್ ದುಪ್ಪಟ್ಟಾಗಿ ಕಾಯಿಲ್ ಕುದಿಯುತ್ತದೆ, ಪಾಯಿಂಟ್ ಸುಡುತ್ತದೆ. ಓಮ್‌ಮೀಟರ್ ಸುಳ್ಳು ಹೇಳುವುದಿಲ್ಲ: ರೆಸಿಸ್ಟರ್ ಬೇಡದ 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸುಮಾರು 3 ಓಮ್ ಅಥವಾ ಹೆಚ್ಚು, ಅದು 1.5 ಓಮ್ ಆಸುಪಾಸು ಇದ್ದರೆ ಹೊರಗೆ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಲೇಬೇಕು. ಕೆಲವು ಗಾಡಿಗಳಲ್ಲಿ ಸ್ಟಾರ್ಟರ್ ತಿರುಗುವಾಗ ಮಾತ್ರ ಈ ರೆಸಿಸ್ಟರ್ ಬದಿಗೆ ಸರಿದು ಕಾಯಿಲ್‌ಗೆ ಪೂರ್ತಿ ಕರೆಂಟ್ ಸಿಗುವ ಏರ್ಪಾಡಿದೆ, ಏಕೆಂದರೆ ಆಗ ಬ್ಯಾಟರಿ 10 ವೋಲ್ಟಿಗೆ ಇಳಿದಿರುತ್ತದೆ. ಎಂಜಿನ್ ನಿಲ್ಲಿಸಿ ಕೀ ಆನ್‌ನಲ್ಲೇ ಬಿಡುವುದು ಕಾಯಿಲ್ ಸುಡುವ ಇನ್ನೊಂದು ದಾರಿ.

ಪ್ಲಗ್ ಅಂತರ ಮ್ಯಾಗ್ನೆಟೋಗೆ 0.020–0.025 ಇಂಚು, ಕಾಯಿಲ್ ಇಗ್ನಿಷನ್‌ಗೆ 0.025–0.030 ಸಾಕು. ಮ್ಯಾಗ್ನೆಟೋಗೆ ತಾಮ್ರದ ತಂತಿಯ ಪ್ಲಗ್ ವೈರ್, ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿ. ಸೀಮೆಎಣ್ಣೆಯ ಟ್ರ್ಯಾಕ್ಟರ್‌ನಲ್ಲಿ ಪ್ಲಗ್ ಪದೇ ಪದೇ ಒದ್ದೆಯಾಗಿ ಕಪ್ಪಾಗುತ್ತಿದ್ದರೆ ಇಗ್ನಿಷನ್ ಬೈಯುವ ಮೊದಲು ಗಮನಿಸಿ: ಎಂಜಿನ್ ಚೆನ್ನಾಗಿ ಕಾಯುವ ಮೊದಲೇ ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸುತ್ತಿರಬಹುದು.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕುವುದಕ್ಕೆ ನನ್ನ ವಿರೋಧವಿಲ್ಲ, ಸವೆದ ಬುಷ್ ಮುಚ್ಚಿಹಾಕಲು ಹಾಕುವುದಕ್ಕಿದೆ. ಕಿಟ್‌ಗೆ ಅರ್ತ್ ಪಾಸಿಟಿವೋ ನೆಗೆಟಿವೋ ಎಂಬುದು ಹೊಂದಬೇಕು. ಕಾಯಿಲ್‌ನ ಓಮ್ ಕಿಟ್‌ನವರು ಹೇಳಿದ ಮಟ್ಟಕ್ಕಿಂತ ಕಡಿಮೆ ಇರಬಾರದು. ಬ್ಯಾಟರಿ ಉಲ್ಟಾ ಹಾಕಿದರೆ ಪಾಯಿಂಟ್‌ಗೆ ಏನೂ ಆಗುವುದಿಲ್ಲ, ಕಿಟ್ ಆ ಕ್ಷಣವೇ ಸಾಯಬಹುದು. ತೆಗೆದ ಪ್ಲೇಟನ್ನು ಪಾಯಿಂಟ್, ಕಂಡೆನ್ಸರ್ ಸಮೇತ ಅಂತರ ಹೊಂದಿಸಿಟ್ಟ ಸ್ಥಿತಿಯಲ್ಲೇ ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಕಿಟ್ ಕೈಕೊಟ್ಟ ದಿನ ಎರಡು ಸ್ಕ್ರೂ, ಒಂದು ವೈರ್ ಬದಲಿಸಿ ಟೈಮಿಂಗ್ ಒಮ್ಮೆ ಬಲ್ಬಿನಲ್ಲಿ ನೋಡಿಕೊಂಡರೆ ಗಾಡಿ ಹೊರಡುತ್ತದೆ.